ಕುದಿಸಿದ ಕಂಬಳಿ

ಉಣ್ಣೆಯನ್ನು ಕುದಿಸಬಾರದು ಎಂದು ಕುರಿ ಕಾಯುವವರ ಮನೆಯ ಮೂರು ವರ್ಷದ ಕೂಸಿಗೂ ಗೊತ್ತಿರುತ್ತದೆ. ನನಗೆ ಗೊತ್ತಾಗಿದ್ದು ಅರವತ್ತೆಂಟನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಹಂಡೆಯ ನೀರು ಕುದಿದು ಮುಗಿದಿತ್ತು.

ನಾವು ಮೊಳಕಾಲ್ಮೂರಿನ ರೇಷ್ಮೆಯವರು. ಗಂಡನ ಮನೆಯಲ್ಲಿ ಮಗ್ಗ, ತವರಿನಲ್ಲಿ ಬಣ್ಣದ ಒಲೆ. ಮಗ್ಗಕ್ಕೆ ಬರುವ ಮೊದಲು ರೇಷ್ಮೆ ನೂಲು ತೆಂಗಿನ ನಾರಿನಷ್ಟು ಬಿರುಸಾಗಿರುತ್ತದೆ. ಹುಳ ಬಿಟ್ಟ ಅಂಟು ಅದಕ್ಕೆ ಮೆತ್ತಿಕೊಂಡಿರುತ್ತದೆ. ಸೋಪು, ಸೋಡ ಹಾಕಿ ಹದವಾಗಿ ಕುದಿಸಿದರೆ ಅಂಟು ಬಿಟ್ಟು ನೂಲು ಬೆಣ್ಣೆಯಾಗುತ್ತದೆ. ಈ ಹದ ನನ್ನ ಕೈಗೆ ಹತ್ತನೇ ವರ್ಷಕ್ಕೇ ಬಂದಿತ್ತು. ಬೇರೆ ಯಾವುದಕ್ಕೂ ನನ್ನನ್ನು ಹೊಗಳದ ನನ್ನಪ್ಪ ಇದಕ್ಕೆ ಮಾತ್ರ ಹೊಗಳಿದ್ದ. ಆ ಒಂದು ಹೊಗಳಿಕೆಯನ್ನು ನಾನು ಐವತ್ತೆಂಟು ವರ್ಷ ಸೆರಗಿನಲ್ಲಿ ಗಂಟು ಹಾಕಿಕೊಂಡು ಓಡಾಡಿದೆ.

ಮಗಳನ್ನು ಚಳ್ಳಕೆರೆಗೆ ಕೊಟ್ಟಿದ್ದೆವು. ಅಳಿಯ ಎಣ್ಣೆ ಗಿರಣಿಯಲ್ಲಿ ಕೆಲಸಗಾರ. ಗಿರಣಿಯ ಹಿಂದಿನ ಸಾಲಿನಲ್ಲೇ ಬಾಡಿಗೆಯ ಕೋಣೆ. ಮೊಮ್ಮಗಳು ಹುಟ್ಟಿದ್ದು ಅಲ್ಲಿ. ಮೂರು ತುಂಬಿದರೂ ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಗಿರಣಿ ಶುರುವಾದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಕುಟ್ಟುತ್ತಿದ್ದಳು. ತಲೆಗೆ ಎಣ್ಣೆ ಮುಟ್ಟಿಸುವಂತಿಲ್ಲ, ಲಂಗ ತೊಡಿಸುವಂತಿಲ್ಲ, ಎತ್ತಿ ಮುದ್ದಾಡುವಂತಿಲ್ಲ. ನಾನು ನನ್ನ ಕೈಯಾರೆ ನೇಯ್ದು ಹೊಲಿಸಿದ ರೇಷ್ಮೆ ಲಂಗವನ್ನು ಅವಳಿಗೆ ಮೊದಲ ಸಲ ತೊಡಿಸಿದಾಗ ಮೈಗೆ ಬೆಂಕಿ ಬಿದ್ದವಳ ಹಾಗೆ ಕಿರುಚಿದಳು. ದೊಡ್ಡ ಆಸ್ಪತ್ರೆಯಲ್ಲಿ ಆಟಿಸಂ ಎಂದರು. ಇಂಥ ಮಕ್ಕಳಿಗೆ ಸದ್ದು, ಬೆಳಕು, ಬಟ್ಟೆ ಎಲ್ಲವೂ ನಮಗಿಂತ ಹತ್ತು ಪಟ್ಟು ತಾಗುತ್ತವೆ ಎಂದೂ ಹೇಳಿದರು. ಮಗಳ ಅತ್ತೆ ಮಾತ್ರ, ಹುಡುಗಿಗೆ ಹಟ, ಅವಳಜ್ಜಿಯ ಹಾಗೇ, ಎಂದಳು. ನಾನು ಅಲ್ಲಗಳೆಯಲಿಲ್ಲ. ನನ್ನ ಹಾಗೆ ಹಟ ಮಾತ್ರ ಆಗಿದ್ದರೆ ಸಾಕಿತ್ತು ಅನಿಸಿತ್ತು.

ಗಿರಣಿಯ ಸದ್ದಿನಲ್ಲಿ ಮಗು ಬದುಕುವುದಿಲ್ಲವೆಂದು, ಅವಳಿಗೆ ನಾಲ್ಕು ದಾಟಿದ ವರ್ಷ ನಾನೇ ಹೋಗಿ ತಾಯಿ ಮಗಳಿಬ್ಬರನ್ನೂ ಮೊಳಕಾಲ್ಮೂರಿಗೆ ಕರೆತಂದೆ. ಬಸ್ಸು ಚಳ್ಳಕೆರೆ ಬಿಟ್ಟು ಹಾರ್ನ್ ಹೊಡೆಯಿತು, ಇವಳು ಕಿರುಚಲು ಶುರು ಮಾಡಿದಳು. ಜನ ಬುದ್ಧಿ ಹೇಳತೊಡಗಿದರು. ಬಿಸ್ಕತ್ತು ಕೊಡಿ, ಎರಡು ಕೊಡಿ ಬೆನ್ನಿಗೆ, ದೃಷ್ಟಿ ತೆಗೀರಿ. ನನ್ನ ಮಗಳು ತಲೆ ತಗ್ಗಿಸಿ ಕೂತಿದ್ದಳು. ನಮ್ಮ ಪಕ್ಕದ ಸೀಟಿನಲ್ಲಿ ದೇವಸಮುದ್ರದ ಕಡೆಯ ಕುರಿ ಕಾಯುವ ಮುದುಕನೊಬ್ಬ ತಲೆಯಿಂದ ಮಂಡಿಯವರೆಗೆ ಕರಿ ಕಂಬಳಿ ಹೊದ್ದು ಕೂತಿದ್ದ. ಕಿರುಚುತ್ತಿದ್ದ ಮಗು ತಾಯಿಯ ತೊಡೆಯಿಂದ ಜಾರಿ, ಆ ಕಂಬಳಿಯ ಅಂಚನ್ನೆತ್ತಿ ಒಳಗೆ ನುಗ್ಗಿತು. ಸದ್ದು ನಿಂತಿತು. ಇಡೀ ಬಸ್ಸು ಆ ಕಡೆ ತಿರುಗಿತು.

ಮುದುಕ ಕೈ ಎರಡೂ ಮೇಲೆತ್ತಿ, "ನಾನೇನೂ ಮಾಡ್ಲಿಲ್ಲಮ್ಮೋ," ಎಂದ.

"ಮಾಡ್ಬ್ಯಾಡ. ಹಂಗೇ ಕುಂತಿರು. ಉಸ್ರೂ ಜೋರಾಗಿ ಬಿಡ್ಬ್ಯಾಡ," ಎಂದೆ.

ಮೊಳಕಾಲ್ಮೂರು ಬಂದಾಗ ಮಗು ಒಳಗೇ ನಿದ್ದೆ ಹೋಗಿತ್ತು. ಯಾರೂ ಮುಟ್ಟಲಾಗದ ಮಗು, ಯಾರನ್ನೂ ಮುಟ್ಟದ ಮಗು, ಅವನ ಪಕ್ಕೆಗೆ ಒರಗಿ ಬಾಯಿ ತೆರೆದು ಮಲಗಿತ್ತು. ಅವನು ಅವಳನ್ನು ಹಾಗೇ ಎತ್ತಿಕೊಂಡು ಇಳಿದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ. ದೇವಸಮುದ್ರದ ಬಸ್ಸು ಎರಡು ಹೋದವು. ಅಷ್ಟರಲ್ಲಿ ನಾನು ಮನೆಗೆ ಓಡಿ, ಪೆಟ್ಟಿಗೆಯಿಂದ ಒಂದು ಸೀರೆ ತಂದೆ. ನಾನು ಸತ್ತಾಗ ಮೇಲೆ ಹೊದಿಸಲಿ ಎಂದು ನೇಯ್ದು ಎತ್ತಿಟ್ಟಿದ್ದ ಸೀರೆ. ಹೆಣದ ಮೇಲಿನ ಸೀರೆಯ ಅಂಚನ್ನು ಯಾರು ನೋಡುತ್ತಾರೆ!

"ಏಮಮ್ಮಾ, ಹಳೇ ಕಂಬ್ಳಿಗೆ ರೇಷ್ಮೆ ಸೀರೆನಾ? ತಲೆ ನೆಟ್ಟಗೈತಾ?"

"ನೆಟ್ಟಗಿದ್ದಿದ್ರೆ ನಿನ್ ಕುರಿ ನಾತಕ್ಕೆ ಸೀರೆ ಕೊಡ್ತಿದ್ನೇನಪ್ಪ? ತಗಾ. ಹೆಂಡ್ತಿಗೆ ಕೊಡು."

"ಅವ್ಳು ಇದ್ನ ಉಟ್ಕಂಡು ಹಟ್ಟಿಗೆ ಬಂದ್ರೆ ಕುರಿ ಹೆದರ್ಕಂಡು ಆಂಧ್ರಕ್ಕೆ ಓಡ್ತಾವೆ," ಎಂದು ನಕ್ಕ. ಆದರೆ ಸೀರೆ ತೆಗೆದುಕೊಂಡ. ಕಂಬಳಿಯನ್ನು ಮಗುವಿನ ಮೇಲೆ ಬಿಟ್ಟು, ಬರಿ ಮೈಯಲ್ಲಿ ಬಸ್ಸು ಹತ್ತಿದ.

ಅಂದಿನಿಂದ ಎರಡು ವರ್ಷ ನಮ್ಮ ಮನೆ ಆ ಕಂಬಳಿಯ ಸುತ್ತ ನಡೆಯಿತು. ಸಾಸಿವೆ ಸಿಡಿಯುವ ಸದ್ದು ಮಗುವಿಗೆ ಆಗದೆಂದು ಒಗ್ಗರಣೆಯನ್ನು ಪಕ್ಕದ ಮನೆಯಲ್ಲಿ ಹಾಕಿಸಿಕೊಂಡು ಬಟ್ಟಲಲ್ಲಿ ತರುತ್ತಿದ್ದೆವು. ಕುಕ್ಕರ್ ಅಟ್ಟ ಸೇರಿತು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದೆವು. ಮಗಳು ತನ್ನ ಗಾಜಿನ ಬಳೆಗಳಿಗೆ ಒಂದೊಂದಕ್ಕೂ ಮಗ್ಗದ ಕಡಿನೂಲು ಸುತ್ತಿ, ಒಂದಕ್ಕೊಂದು ತಾಗಿದರೂ ಸದ್ದಾಗದ ಹಾಗೆ ಮಾಡಿಕೊಂಡಳು. ನನ್ನ ಬಳೆಯನ್ನು ದೇವರು ಮೊದಲೇ ತೆಗೆಸಿದ್ದ. ಕಟ್ಟಿಕೊಂಡ ಆ ಮನುಷ್ಯ ಹೋಗಿದ್ದರಿಂದ ಯಾರಿಗಾದರೂ ಅನುಕೂಲವಾಗಿದ್ದರೆ ಇದೊಂದೇ. ಮಗ್ಗದ ಸದ್ದಿಗೆ ಮಾತ್ರ ಮೊಮ್ಮಗಳು ಏನೂ ಅನ್ನಲಿಲ್ಲ. ಮುಂದಿನ ಏಟು ಯಾವಾಗ ಬೀಳುತ್ತದೆಂದು ಮೊದಲೇ ಗೊತ್ತಿರುವ ಸದ್ದು ಅವಳಿಗೆ ಸದ್ದೇ ಅಲ್ಲ.

ಕಂಬಳಿ ಹೊದ್ದರೆ ಅವಳು ಅಂಗಡಿಯವರೆಗೆ ಬರುತ್ತಿದ್ದಳು. ಕಂಬಳಿ ಹೊದ್ದೇ ಉಣ್ಣುತ್ತಿದ್ದಳು, ಮೊಸರನ್ನ, ಬಿಳಿ ತಟ್ಟೆಯಲ್ಲೇ. ಆಮೇಲೆ ಶಾಲೆಗೂ ಹೋದಳು. ಮೂಲೆಯಲ್ಲಿ ಕರಿ ಗುಡ್ಡೆಯ ಹಾಗೆ ಎರಡು ಗಂಟೆ ಕೂತು ಬರುತ್ತಿದ್ದಳು. ಅಂಥ ಮಕ್ಕಳಿಗೆ ಕಲಿಸುವ ಟೀಚರೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರು ಕಂಬಳಿಯನ್ನು ಕೈಯಲ್ಲಿ ತೂಗಿ ನೋಡಿ, "ಒಳ್ಳೇದಾಯ್ತು ಅಜ್ಜಿ. ಇದರ ಭಾರ, ಇದರ ಒರಟು, ಎರಡೂ ಅವಳಿಗೆ ಬೇಕು. ಯಾವುದನ್ನೂ ತಟ್ಟಂತ ಬದಲಾಯಿಸಬೇಡಿ," ಎಂದಿದ್ದರು. ನಾನು ತಲೆಯಾಡಿಸಿದ್ದೆ. ಇನ್ನೊಬ್ಬರ ಬುದ್ಧಿವಾದಕ್ಕೆ ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಎರಡನೇ ವರ್ಷದ ಚಳಿಗಾಲದ ಒಂದು ಸಂಜೆ ನಾನು ಮಗ್ಗದಿಂದೆದ್ದು ಅವಳ ಹತ್ತಿರ, ಮುಟ್ಟದಷ್ಟು ದೂರದಲ್ಲಿ ಕೂತಿದ್ದೆ. ಕಂಬಳಿಯ ಒಂದು ಅಂಚು ಮೇಲೆದ್ದಿತು. ಒಳಗಿಂದ ಸಣ್ಣ ದನಿ, "ಬಾ."

ಅದು ಅವಳ ಮೊದಲ ಮಾತು. ಅವ್ವ ಎಂದಿರಲಿಲ್ಲ, ಅಪ್ಪ ಎಂದಿರಲಿಲ್ಲ. ನಾನು ತಲೆ ಒಳಗೆ ಹಾಕಿದೆ. ಕತ್ತಲೆ, ಕುರಿ ವಾಸನೆ, ಹೊಗೆ ವಾಸನೆ, ಹಳೇ ಮಳೆಯ ವಾಸನೆ. ಉಣ್ಣೆ ನನ್ನ ಕೆನ್ನೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವಳು ತನ್ನ ಹಣೆಯನ್ನು ನನ್ನ ಹಣೆಗೆ ಒತ್ತಿ ಇಟ್ಟಳು. ಎಷ್ಟು ಹೊತ್ತೋ ಗೊತ್ತಿಲ್ಲ. ಹೊರಗೆ ಬಂದಾಗ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಆಮೇಲೆ ದಿನಾ ಸಂಜೆ ಅಂಚು ಏಳುತ್ತಿತ್ತು. ತಾಯಿಗೂ ಒಂದೊಂದು ದಿನ ಕರೆ ಬರುತ್ತಿತ್ತು, ಆದರೆ ನನಗೆ ದಿನಾ. ಇದನ್ನು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಬೇಸಿಗೆ ಬಂತು. ಬೆವರಿಗೆ ಕಂಬಳಿಯ ವಾಸನೆ ಹೆಚ್ಚಾಯಿತು. ಶಾಲೆಯ ಮಕ್ಕಳು "ಕುರಿಮರಿ ಬಂತು, ಕುರಿಮರಿ ಬಂತು" ಎನ್ನುತ್ತಿದ್ದರು. ಅವಳಿಗೆ ಅದು ತಾಗಲಿಲ್ಲ, ನನಗೆ ತಾಗಿತು. ಅವಳ ಕುತ್ತಿಗೆಯಲ್ಲಿ ಉಣ್ಣೆ ಉಜ್ಜಿ ಕೆಂಪು ಗೀರುಗಳು ಎದ್ದಿದ್ದವು. ದಿನಾ ಸಂಜೆ ಒಳಗೆ ತಲೆ ಹಾಕಿದಾಗ ನನ್ನ ಕೆನ್ನೆಗೂ ಚುಚ್ಚುತ್ತಿತ್ತು. ಊರ ಹೆಂಗಸರ ಮೈಗೆಲ್ಲ ಬೆಣ್ಣೆಯಂಥ ಬಟ್ಟೆ ಕೊಟ್ಟ ಕೈ ಇದು, ನನ್ನ ಕೂಸಿನ ಮೈಮೇಲೆ ಮುಳ್ಳು ಇರಬೇಕೆ, ಅನಿಸತೊಡಗಿತು. ಒಂದು ದಿನ ಅಳಿಯನಿಗೆ ಜ್ವರವೆಂದು ಮಗಳು ಚಳ್ಳಕೆರೆಗೆ ಹೋದಳು. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಮಾತ್ರ ಮೊಮ್ಮಗಳು ಕಂಬಳಿಯನ್ನು ಮಡಿಸಿ ತಲೆಯ ಹತ್ತಿರ ಇಟ್ಟು, ಮಗ್ಗದ ಪಕ್ಕದ ತಣ್ಣನೆ ನೆಲದ ಮೇಲೆ ಮಲಗುತ್ತಿದ್ದಳು. ರೇಷ್ಮೆಯ ಅಂಟು ತೆಗೆಯಲು ಒಂದು ಗಂಟೆ ಸಾಕು. ಆ ಬಿಸಿಲಿಗೆ ಇನ್ನೊಂದು ಗಳಿಗೆಯಲ್ಲಿ ಅರೆ ಒಣಗುತ್ತದೆ. ಎದ್ದ ಕೂಡಲೇ ಮೆತ್ತನೆಯ ಕಂಬಳಿ ಕೊಡುತ್ತೇನೆ, ಒಳಗೆ ಕರೆಯುತ್ತಾಳೆ, ಎಂದುಕೊಂಡೆ.

ಹಿತ್ತಲ ಹಂಡೆಯಲ್ಲಿ ಸೋಪು, ಸೋಡ, ನನ್ನ ಅಪ್ಪ ಹೊಗಳಿದ ಹದ. ಕೋಲಿನಿಂದ ತಿರುವಿದೆ. ಕಪ್ಪು ನೀರು ಬಂದಷ್ಟೂ, ಅಂಟು ಬಿಡುತ್ತಿದೆ ಎಂದು ಹಿಗ್ಗಿದೆ. ಕೋಲು ತಿರುವುತ್ತಾ ತಿರುವುತ್ತಾ ಹಗುರಾಯಿತು. ಮೇಲೆತ್ತಿ ನೋಡಿದರೆ, ನನ್ನನ್ನು ಪೂರ್ತಿ ಮುಚ್ಚುತ್ತಿದ್ದ ಕಂಬಳಿ ಕಾಲೊರೆಸುವ ಗೋಣಿತಟ್ಟಿನಷ್ಟಾಗಿತ್ತು. ದಪ್ಪ, ಗಟ್ಟಿ, ಹಲಗೆ. ಎಳೆ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಹಿಡಿದು ಎಳೆದೆ. ಕಾಲಿಂದ ಮೆಟ್ಟಿ ಎಳೆದೆ. ಮೂಸಿ ನೋಡಿದೆ. ಸೋಪಿನ ವಾಸನೆ.

ಅವಳು ಎದ್ದಳು. ನಾನು ಅದನ್ನು ಒದ್ದೆಯಲ್ಲೇ ಅವಳ ಮುಂದೆ ಇಟ್ಟು, "ಇದೇ ಕಣೇ ಪುಟ್ಟಿ. ನಿಂದೇ ಇದು," ಎಂದೆ. ಅವಳು ಅಳಲಿಲ್ಲ. ಅದನ್ನು ಒಂದು ಸಲ ಮೂಸಿ ಪಕ್ಕಕ್ಕೆ ಸರಿಸಿ, ಎದ್ದು ಹೋಗಿ ಬಾಗಿಲ ಹಿಂದೆ ನೋಡಿದಳು. ಮಗ್ಗದ ಗುಣಿಗೆ ಇಳಿದು ನೋಡಿದಳು. ಮಂಚದ ಕೆಳಗೆ. ಅಕ್ಕಿ ಡಬ್ಬದ ಹಿಂದೆ. ಮತ್ತೆ ಬಾಗಿಲ ಹಿಂದೆ. ಕಂಬಳಿ ಅವಳ ಕಾಲ ಬಳಿ ಬಿದ್ದಿತ್ತು, ಅವಳು ಅದನ್ನು ದಾಟಿಕೊಂಡು ಕಂಬಳಿಯನ್ನು ಹುಡುಕುತ್ತಿದ್ದಳು.

ಮಾರನೆಯ ದಿನ ಮಗಳು ಬಂದಳು.

"ಅವ್ವ, ಕಂಬ್ಳಿ ಎಲ್ಲೈತೆ?"

ಎಲ್ಲರ ಮಾತಿಗೂ ಎದುರು ಮಾತು ಇಟ್ಟುಕೊಂಡವಳು ನಾನು. ಬೆರಳು ತೋರಿಸಿದೆ, ಅಷ್ಟೇ.

"ಏನಿದು?"

"ಅದೇ."

ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಒಂದು ಮಾತು ಕೇಳ್ಬೋದಿತ್ತಲ್ಲವ್ವ. ಫೋನೈತಲ್ಲ."

"ಚುಚ್ತಿತ್ತು ಕಣೇ. ಕುತ್ಗೆ ನೋಡು, ಹೆಂಗೆ ಕೆಂಪಾಗೈತೆ."

"ಚುಚ್ತಿದ್ದಿದ್ದು ನಿಂಗೆ. ಅವ್ಳಿಗೆ ಚುಚ್ಬೇಕಿತ್ತು."

ಮೊಮ್ಮಗಳು ನಾಲ್ಕು ದಿನ ಹುಡುಕಿದಳು. ಐದನೇ ದಿನದಿಂದ ಗೋಡೆ. ಎರಡು ವರ್ಷ ಮರೆತಿದ್ದ ಗೋಡೆಗೆ ಮತ್ತೆ ತಲೆ ಕುಟ್ಟತೊಡಗಿದಳು. ನಾವು ಸರದಿಯ ಮೇಲೆ ಅಂಗೈಯನ್ನು ಗೋಡೆಗೂ ಅವಳ ಹಣೆಗೂ ನಡುವೆ ಇಟ್ಟುಕೊಂಡು ಕೂರುತ್ತಿದ್ದೆವು. ಮೊಸರನ್ನವೂ ಹೋಯಿತು. ಶಾಲೆ ಹೋಯಿತು. "ಬಾ" ಹೋಯಿತು, ಎತ್ತುವುದಕ್ಕೆ ಅಂಚೇ ಇಲ್ಲವಲ್ಲ. ಚಳ್ಳಕೆರೆಯ ಸಂತೆಯಿಂದ ಅಳಿಯ ಮೂರು ಕಂಬಳಿ ತಂದ. ಮೂರನ್ನೂ ಮೂಸಿ ಸರಿಸಿದಳು.

ಹಾಳಾದ ಕಂಬಳಿಯನ್ನು ಚೀಲಕ್ಕೆ ಹಾಕಿಕೊಂಡು ನಾನು ದೇವಸಮುದ್ರದ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಆ ಮುದುಕನ ಹಟ್ಟಿಗೆ ಹೋದೆ. ಅವನು ಚೀಲದೊಳಗೆ ನೋಡಿ, ಕೆಮ್ಮು ಬರುವವರೆಗೆ ನಕ್ಕ. "ಉಣ್ಣೇನ ಯಾರಾನ ಕುದಿಸ್ತಾರೇನಮ್ಮಾ? ಕೂದ್ಲು ಅದು, ಬೇಳೆಯಲ್ಲ!" ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಪಾಪು ಹೆಂಗೈತೆ?" ಎಂದ.

ಹೇಳಿದೆ. ಅವನು ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದ.

"ಹೊಸದು ಕೊಡ್ಬೋದು ತಾಯಿ. ಆದ್ರೆ ಇದು ಹೊಸದಾಗಿದ್ದಾಗ ನಾನೂ ಹುಡುಗ. ನಮ್ಮಪ್ಪಂದು. ಇದ್ರಾಗೆ ಈದ ಕುರಿ ಐತೆ, ಸತ್ತ ಕುರಿ ಐತೆ, ಮಳೆ, ಹೊಗೆ, ನಮ್ಮಿಬ್ರ ಬೆವ್ರು. ಅದನ್ನ ಎಲ್ಲಿಂದ ತರ್ತೀಯಾ?"

"ಮಾಗಿಸು," ಎಂದೆ. "ಒಂದು ಹೊಸಾದು ತಗಂಡು ನೀನೇ ಹೊದ್ಕಾ. ಕುರಿ ಜತೆ ಮಲಗು, ಮಳ್ಯಾಗೆ ನೆನಿ, ಒಲೆ ಮುಂದೆ ಕೂತ್ಕಾ. ಒಂದು ವರ್ಷ."

"ನಾನೇನು ಮಾವಿನಕಾಯಿ ಮಾಗ್ಸೋ ಹುಲ್ಲಾ?" ಎಂದ. ಆದರೂ ಒಪ್ಪಿದ. ಸೀರೆ ವಾಪಸು ಕೊಡಲು ಅವನ ಹೆಂಡತಿ ಒಳಗೆ ಹೋದಳು. ಬೇಡವೆಂದು ಓಡಿ ಬಂದೆ.

ಮಗಳು ಮಗುವನ್ನು ಕರೆದುಕೊಂಡು ಚಳ್ಳಕೆರೆಗೆ ಹೊರಟಳು. "ಇಲ್ಲಿದ್ರೆ ಹುಡುಕ್ತಾನೇ ಇರ್ತಾಳವ್ವ. ಅದು ಯಾವತ್ತೂ ಇಲ್ದಿರೋ ಮನೇಲಿ ಆದ್ರೂ ಮರೀತಾಳೇನೋ."

"ಗಿರಣಿ ಸದ್ದು?"

"ಈಗ ಬೇರೆ ಕಡೆ ಕೋಣೆ ನೋಡೀವಿ."

"ನಾನೂ ಬರ್ತೀನಿ."

ಅವಳು ಬಳೆಗೆ ಸುತ್ತಿದ ನೂಲನ್ನು ಸರಿಮಾಡಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದಳು. "ನಿನ್ನ ನೋಡಿದ್ರೆ ಎದ್ದು ಹುಡುಕಾಕೆ ಹೋಗ್ತಾಳವ್ವ. ನೀನು ಗಮನಿಸಿಲ್ವಾ?"

ಗಮನಿಸಿದ್ದೆ.

ನನಗೆ ಫೋನಿನಲ್ಲಿ ಟೈಪ್ ಮಾಡಲು ಬರುವುದು ಇದೇ ಕಾರಣಕ್ಕೆ. ಅಲ್ಲಿ ರಿಂಗ್ ಆಗುವಂತಿಲ್ಲ, ಸ್ಪೀಕರಿನಲ್ಲಿ ನನ್ನ ದನಿ ಕೇಳುವಂತಿಲ್ಲ. ಹೊರಡುವ ಮೊದಲು ಮಗಳು ಒಂದು ಮಧ್ಯಾಹ್ನ ಕೂತು ಕಲಿಸಿದಳು. ಲಾಳಿ ಹಿಡಿದು ಗಟ್ಟಿಯಾದ ಹೆಬ್ಬೆರಳು. ಫೋನಿನ ಗಾಜು ನನ್ನ ಬೆರಳನ್ನು ಮನುಷ್ಯರದೆಂದು ಒಪ್ಪಲು ಒಂದು ವಾರ ತೆಗೆದುಕೊಂಡಿತು. ಊಟ ಮಾಡಿದಳಾ. ಮಲಗಿದಳಾ. ಹುಡುಕಿದಳಾ. ಈ ಮೂರನ್ನು ಈಗ ಕಣ್ಣು ಮುಚ್ಚಿ ಬರೆಯುತ್ತೇನೆ. ಬೆರಳಿಗೆ ಅಭ್ಯಾಸವಾಗಲೆಂದು ಉಳಿದದ್ದನ್ನೂ ಬರೆಯತೊಡಗಿ ಇಲ್ಲಿಗೆ ಬಂದಿದ್ದೇನೆ.

ಆ ವರ್ಷವೆಲ್ಲ ತಿಂಗಳಿಗೊಮ್ಮೆ ದೇವಸಮುದ್ರದ ಬಸ್ಸು ಹತ್ತಿ, ಮುದುಕನ ಹೆಗಲ ಮೇಲಿನ ಕಂಬಳಿಗೆ ಮೂಗಿಟ್ಟು ನೋಡಿ ಬರುತ್ತಿದ್ದೆ. "ಇನ್ನೂ ಹಸಿ," ಎನ್ನುತ್ತಿದ್ದೆ. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಮ್ಮ ಓಣಿಯವಳೊಬ್ಬಳು ಕೇಳಿಯೇ ಬಿಟ್ಟಳು:

"ಏನಜ್ಜಿ, ಪದೇ ಪದೇ ಕುರಿಹಟ್ಟಿಗೆ ಹೋಗ್ತೀಯಾ. ಆ ಮುದುಕನ ಮ್ಯಾಲೆ ಮನಸಾಗೈತಾ?"

"ಮುದುಕನ ಮ್ಯಾಲಲ್ಲ ಕಣೇ. ಅವನ ನಾತದ ಮ್ಯಾಲೆ."

ಮಳೆಗಾಲ ಹೋಯಿತು, ಚಳಿ ಹೋಯಿತು. ಈ ಬೇಸಿಗೆಯಲ್ಲಿ ಒಂದು ದಿನ ಮೂಗಿಟ್ಟವಳು ಮೂಗು ತೆಗೆಯಲಿಲ್ಲ. ಅದೇ ವಾಸನೆ. ಅದೇ ಸಂಜೆ. ಹಣೆಗೆ ಒತ್ತಿದ ಹಣೆ. ಕಂಬಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ವಾಸನೆ ಹೋಗದ ಹಾಗೆ ಎದೆಗೆ ಅವುಚಿಕೊಂಡು ಚಳ್ಳಕೆರೆಗೆ ಹೋದೆ. ಮಗಳಿಗೆ ಮೊದಲೇ ತಿಳಿಸಲಿಲ್ಲ. ಕೇಳದೆ ಮಾಡುವ ಚಾಳಿ ನನಗೆ ಆಗಲೂ ಹೋಗಿರಲಿಲ್ಲ ನೋಡಿ.

ಹೊಸ ಕೋಣೆಯಲ್ಲಿ ಮೂಲೆಗೆ ಶೇಂಗಾದ ಖಾಲಿ ಗೋಣಿಚೀಲಗಳನ್ನು ಒಟ್ಟಿ ಅಳಿಯ ಅವಳಿಗೊಂದು ಗೂಡು ಮಾಡಿದ್ದ. ಅವಳು ಅದರೊಳಗೆ ಕೂತು ಮೊಸರನ್ನ ಉಣ್ಣುತ್ತಿದ್ದಳು. ಉದ್ದವಾಗಿದ್ದಳು. ಹಣೆಯ ಮೇಲೆ ಹೊಸ ಗಾಯ ಒಂದೂ ಇರಲಿಲ್ಲ. ಇದನ್ನು ಯಾರೂ ನನಗೆ ತಿಳಿಸಿರಲಿಲ್ಲ. ತಿಳಿಸಿದ್ದರೇನೋ, "ಊಟ ಮಾಡಿದಳು" ಎನ್ನುವುದರ ಒಳಗೆ ಅದು ಇತ್ತೇನೋ, ನನಗೆ ಓದಲು ಬಂದಿರಲಿಲ್ಲ.

ನಾನು ಕಂಬಳಿ ಬಿಚ್ಚಿ ನೆಲದ ಮೇಲೆ ಹರಡಿದೆ. ಕೋಣೆಯ ತುಂಬ ವಾಸನೆ ಎದ್ದಿತು.

ಅವಳ ಕೈ ನಿಂತಿತು. ಗೂಡಿನಿಂದ ಹೊರಗೆ ಬಂದಳು. ಕಂಬಳಿಯ ಹತ್ತಿರ ಬಗ್ಗಿ ಮೂಸಿದಳು, ಬಹಳ ಹೊತ್ತು, ಕಣ್ಣು ಮುಚ್ಚಿ. ಒಂದು ಬೆರಳಿನಿಂದ ಅಂಚನ್ನು ಮುಟ್ಟಿ ನೋಡಿದಳು. ಅಂಚು ಹೊಸದು, ಎಳೆ ಹೊಸದು. ನೆಟ್ಟಗೆ ನಿಂತಳು. ನಡೆದು ಹೋಗಿ ಬಾಗಿಲ ಹಿಂದೆ ನೋಡಿದಳು.

ಆಮೇಲೆ ಮಂಚದ ಕೆಳಗೆ. ಆಮೇಲೆ ಡಬ್ಬಗಳ ಹಿಂದೆ. ಆಮೇಲೆ ತನ್ನ ಗೂಡಿನ ಗೋಣಿಚೀಲಗಳನ್ನು ಒಂದೊಂದಾಗಿ ತೆಗೆದು, ಕೊಡವಿ, ಎಸೆದು ಹುಡುಕಿದಳು.

ಮಗಳು ಸೌಟು ಹಿಡಿದು ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎದುರು ಮಾತಾದರೂ ಸಿಗುತ್ತಿತ್ತು. "ಮರ್ತಿದ್ಲವ್ವ," ಎಂದಳು. "ಒಂದು ವರ್ಷ ಹಿಡೀತು ಮರೆಯಾಕೆ."

ಕಂಬಳಿ ಸುತ್ತಿಕೊಂಡು ಹೊರಗೆ ಬಂದೆ. ಹಿಂದೆ ಗೋಡೆಗೆ ತಲೆ ತಾಗುವ ಸದ್ದು ಶುರುವಾಗಿತ್ತು. ಮಗ್ಗದ ಹಾಗೆ, ಮುಂದಿನ ಏಟು ಯಾವಾಗ ಎಂದು ಗೊತ್ತಾಗುವ ಸದ್ದು. ರಸ್ತೆಯ ತಿರುವಿನವರೆಗೂ ಕೇಳಿಸಿತು.

ಬಸ್ಸಿನಲ್ಲಿ ಕಂಬಳಿಯನ್ನು ಇಡಲು ಜಾಗವಿರಲಿಲ್ಲ, ಹೊದ್ದುಕೊಂಡೆ. "ಏನಜ್ಜಿ, ಈ ಬಿಸ್ಲಾಗೆ ಚಳಿನಾ?" ಎಂದ ಕಂಡಕ್ಟರ್. ಜನ ನಕ್ಕರು. ನಾನು ಅಂಚನ್ನು ತಲೆಯ ಮೇಲೆ ಎಳೆದುಕೊಂಡೆ.

ಅದಾಗಿ ಹತ್ತೊಂಬತ್ತು ದಿನ. ನಾನು ದಿನಾ ಸಂಜೆ ಮೂರು ಪ್ರಶ್ನೆ ಬರೆಯುತ್ತೇನೆ. ಮಗಳು ಉತ್ತರ ಬರೆಯುತ್ತಾಳೆ. ಹುಡುಕಿದಳು. ಹುಡುಕಿದಳು, ಊಟ ಇಲ್ಲ. ಹುಡುಕಿದಳು. ಇವತ್ತು ಬರೆದಿದ್ದಾಳೆ: ಡಬ್ಬದ ಹಿಂದೆ ನೋಡಲಿಲ್ಲ ಅವ್ವ, ಬಾಗಿಲ ಹಿಂದೆ ಮಾತ್ರ ನೋಡಿದಳು.

ಅವಳು ಕಂಬಳಿ ಮರೆತರೆ, ಅದರೊಳಗೆ ತಲೆ ಹಾಕುತ್ತಿದ್ದ ಮುದುಕಿಯೂ ಅದರ ಜೊತೆಗೇ ಹೋಗುತ್ತಾಳೆ. ಎರಡನ್ನೂ ಬೇರೆ ಮಾಡುವ ಹದ ನನಗೆ ತಿಳಿಯದು. "ಒಳ್ಳೇದಾಯ್ತು," ಎಂದು ಬರೆದೆ. ಹೆಬ್ಬೆರಳು ತಪ್ಪಿ ಎರಡು ಸಲ ಅಳಿಸಬೇಕಾಯಿತು. ಮೂರನೇ ಸಲಕ್ಕೆ ಹೋಯಿತು.